ಕಿಗ್ಗ ಕಡೆಯಿಂದ ನರಸಿಂಹ ಪರ್ವತ: ದಾರಿ, ನೀರು, ಉಂಬಳ, ಮ್ಯಾಪ್ – ಗೊತ್ತಿದ್ದವರು ಹೇಳಿ

ಶಾಲ್ಮಲಾ_ಬೆಂಗಳೂರು
ಡಿಸೆಂಬರ್ ಎರಡನೇ ವಾರ ಐದು ಜನ ನರಸಿಂಹ ಪರ್ವತ ಹತ್ತೋಣ ಅಂತಿದ್ದೀವಿ. ಕುಮಾರ ಪರ್ವತ, ಕೊಡಚಾದ್ರಿ ಕಡೆ ಶನಿವಾರ ಭಾನುವಾರ ಸಾಲಲ್ಲಿ ನಿಂತು ಹತ್ತಿದ ಹಾಗೆ ಆಗುತ್ತೆ, ಅದಕ್ಕೇ ಜನ ಕಮ್ಮಿ ಇರೋ ಬೆಟ್ಟ ಹುಡುಕಿದ್ದು. ತಂಡದಲ್ಲಿ ಒಬ್ಬರಿಗೆ 58 ವರ್ಷ. ದಿನಾ ವಾಕಿಂಗ್ ಮಾಡ್ತಾರೆ, ಆದರೆ ಕಾಡುದಾರಿ ಹೊಸದು.

ಶೃಂಗೇರಿ ಹತ್ತಿರದ ಕಿಗ್ಗದಲ್ಲಿ ಹತ್ತಿ ವಾಪಸ್ ಕಿಗ್ಗಕ್ಕೇ ಇಳಿಯೋದು ಒಳ್ಳೇದಾ, ಇಲ್ಲಾ ಆಗುಂಬೆ ಕಡೆ ಮಲ್ಲಂದೂರಿಗೆ ಇಳಿಯೋದಾ? ನೀರು ದಾರೀಲಿ ಸಿಗುತ್ತಾ? ಉಂಬಳ (ಜಿಗಣೆ) ಎಷ್ಟಿರುತ್ತೆ? ಫೋನ್ ಮ್ಯಾಪ್ ಸಾಕಾ? ದಾರಿ ತಪ್ಪಿದರೆ ಯಾವುದಾದರೂ ಹಳ್ಳ ಹಿಡಿದು ಕೆಳಗೆ ಬಂದರೆ ಊರು ಸಿಗುತ್ತೆ ಅಂತ ಒಬ್ಬರು ಹೇಳಿದರು, ಅದು ನಿಜಾನಾ?

ಕಾನುದಾರಿ
ಕೊನೇ ಪ್ರಶ್ನೆಗೆ ಮೊದಲು ಉತ್ತರ. ಖಂಡಿತಾ ಬೇಡ. ಆ ಬೆಟ್ಟದಲ್ಲಂತೂ ಯಾವತ್ತೂ ಬೇಡ.

ನರಸಿಂಹ ಪರ್ವತದ ಏಣು (ಬೆಟ್ಟದ ನೆತ್ತಿಯ ಉದ್ದ ಸಾಲು) ಅಂದರೆ ನೀರು ಎರಡಾಗೋ ಜಾಗ. ಕಿಗ್ಗ, ಶೃಂಗೇರಿ ಕಡೆ ಬಿದ್ದ ಮಳೆ ತುಂಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತೆ. ಪಶ್ಚಿಮಕ್ಕೆ ಬಿದ್ದದ್ದು ಸೀತಾ ನದಿಯಾಗಿ ಅರಬ್ಬಿ ಸಮುದ್ರಕ್ಕೆ. ಆ ಸೀತಾ ನದಿಯೇ ಮುಂದೆ ಬರ್ಕಣ ಅಬ್ಬಿಯಲ್ಲಿ (ಜಲಪಾತ) ಸುಮಾರು 259 ಮೀಟರ್ ಧುಮುಕೋದು. ಮಂಜಲ್ಲಿ ದಿಕ್ಕು ತಪ್ಪಿ ಪಶ್ಚಿಮದ ಹಳ್ಳ ಹಿಡಿದರೆ ಮೊದಲು ಜಾರು ಬಂಡೆ, ಆಮೇಲೆ ಎರಡಾಳು ಎತ್ತರದ ಸಣ್ಣ ಅಬ್ಬಿ, ಆಮೇಲೆ ಹತ್ತೋಕೂ ಆಗದ ಇಳಿಯೋಕೂ ಆಗದ ಕೊರಕಲು. ಒಂದು ಸಣ್ಣ ಅಬ್ಬಿ ಇಳಿದಿರಿ ಅಂದರೆ ಅದನ್ನ ವಾಪಸ್ ಹತ್ತೋಕೆ ಆಗಲ್ಲ, ಸಿಕ್ಕಿಹಾಕಿಕೊಳ್ಳೋದು ಅಲ್ಲೇ. ನೀರಿನ ಸದ್ದಿಗೆ ಕೂಗಿದ್ದೂ ಕೇಳಲ್ಲ.

ದಾರಿ ತಪ್ಪಿದರೆ ಮೇಲಕ್ಕೆ ಬನ್ನಿ, ಏಣಿಗೆ. ಅಲ್ಲಿ ಕಣ್ಣು ಹಾಯುತ್ತೆ, ಫೋನಿಗೆ ಆಕಾಶ ಸಿಗುತ್ತೆ, ಹುಡುಕಿ ಬಂದವರಿಗೂ ಕಾಣ್ತೀರಿ.

ಬುತ್ತಿಗಂಟು
ಬಯಲುಸೀಮೆ ಗುಡ್ಡಗಳಲ್ಲಿ ಹಳ್ಳ ಹಿಡಿದರೆ ಕೆರೆ, ಕೆರೆ ಸಿಕ್ಕರೆ ಊರು, ಅದು ನಿಜಾನೇ. ಆ ಮಾತು ಅಲ್ಲಿಂದ ಬಂದಿರಬೇಕು. ಘಟ್ಟದಂಚಿಗೆ ಹೊಂದಲ್ಲ.

ಗುಡ್ಡೇತೋಟ
ಪೂರ್ವದ ಕಡೆ ಇಳಿದರೆ ಅಷ್ಟು ಅಪಾಯ ಇಲ್ಲ ಮಾರಾಯ್ರೆ, ತೋಟ ಗದ್ದೆ ಸಿಕ್ಕೇ ಸಿಗ್ತದೆ. ಎಲ್ಲರನ್ನೂ ಹೆದರಿಸೋದು ಯಾಕೆ?

ಕಾನುದಾರಿ
@ಗುಡ್ಡೇತೋಟ ಯಾವುದು ಪೂರ್ವ ಅಂತ ಗೊತ್ತಿದ್ದವರು ದಾರಿ ತಪ್ಪಿರೋದಿಲ್ಲ. ಮಂಜು ಬಿದ್ದಾಗ ಏಣಿನ ಮೇಲೆ ಎರಡು ಸುತ್ತು ಹಾಕಿದರೆ ದಿಕ್ಕು ಮರೆತೇ ಹೋಗುತ್ತೆ. ಗೊತ್ತಿಲ್ಲದವರಿಗೆ ಒಂದೇ ನಿಯಮ ಹೇಳಬೇಕು.

ಅಡಕೆಚಪ್ಪರ
ಮೊದಲು ಅನುಮತಿ ವಿಷಯ. ಇದು ಕುದುರೆಮುಖ ರಾಷ್ಟ್ರೀಯ ಉದ್ಯಾನ ಮತ್ತು ಸೋಮೇಶ್ವರ ಅಭಯಾರಣ್ಯ ಇರೋ ಕಾಡು. 1972ರ ವನ್ಯಜೀವಿ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗೋದೇ ಅಪರಾಧ. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಚೆನೇ ಬುಕ್ ಮಾಡಿ. ಯಾರ ಹೆಸರಲ್ಲಿ ಬುಕ್ ಆಗಿದೆಯೋ ಅವರೇ ಗುರುತಿನ ಚೀಟಿ ಸಮೇತ ಬರಬೇಕು, ಕೊನೇ ಗಳಿಗೆಯಲ್ಲಿ ಸ್ನೇಹಿತನ ಬದಲು ತಮ್ಮನನ್ನು ಕಳಿಸೋ ಹಾಗಿಲ್ಲ. ಮೇಲೆ ಟೆಂಟ್ ಹಾಕೋ ಯೋಚನೆ ಇದ್ದರೆ ಬಿಡಿ, ರಾತ್ರಿ ಉಳಿಯೋಕೆ ಬಿಡಲ್ಲ. ಹಳೇ ಬ್ಲಾಗ್‌ಗಳಲ್ಲಿ ಮೇಲೆ ಕ್ಯಾಂಪ್ ಮಾಡಿದ ಫೋಟೋ ನೋಡಿ ಮೋಸ ಹೋಗಬೇಡಿ.

ಇನ್ನೊಂದು, ಬೇಸಿಗೇಲಿ ಕಾಡಿನ ಬೆಂಕಿ ಭಯಕ್ಕೆ ಚಾರಣ ಮುಚ್ಚುತ್ತಾರೆ, ಜೋರು ಮಳೆಗಾಲದಲ್ಲೂ ಮುಚ್ಚುತ್ತಾರೆ. ನೀವು ಆರಿಸಿರೋ ಸಮಯ ಸರಿಯಾಗಿದೆ.

ಗುಡ್ಡೇತೋಟ
ಕಿಗ್ಗದಿಂದ ಹತ್ತಿ ಕಿಗ್ಗಕ್ಕೇ ಇಳೀರಿ. ಮಲ್ಲಂದೂರು ಕಡೆಯ ದಾರಿ ಉದ್ದ, ದಟ್ಟ ಕಾಡೊಳಗೆ ಹೋಗ್ತದೆ, ನಡುವೆ ಹಳ್ಳ ದಾಟ್ಬೇಕು. ಅದೂ ಅಲ್ಲದೆ ಇಳಿದ ಮೇಲೆ ನಿಮ್ಮ ಗಾಡಿ ಕಿಗ್ಗದಲ್ಲಿ, ನೀವು ಆಗುಂಬೆಯಲ್ಲಿ. ರಸ್ತೆ ಮೇಲೆ ಶೃಂಗೇರಿ ಸುತ್ತಿಕೊಂಡು ಬರೋಕೆ ಹತ್ತಿರ ಹತ್ತಿರ 40 ಕಿ.ಮೀ. ಸಂಜೆ ಆಮೇಲೆ ಬಸ್ಸು ನಂಬಿ ಕೂತ್ಕೊಬೇಡಿ. ಅನುಮತಿ ಚೀಟಿಯಲ್ಲಿ ಯಾವ ದಾರಿ ಬರೆದಿದೆಯೋ ಅದೇ ದಾರಿ, ಇದನ್ನೂ ನೆನಪಿಡಿ.

ಹೆದ್ದಾರಿ_ಹರೀಶ
ಗುರು, ಬರ್ಕಣ ನೋಡದೆ ಬರೋದಾ? ಮಲ್ಲಂದೂರು ಕಡೆಯ ಕಾಡೇ ಆ ಚಾರಣದ ಜೀವ. ಕಿಗ್ಗದ ಕಡೆ ಅರ್ಧ ದಾರಿ ಜೀಪ್ ರಸ್ತೆ ಥರ ಇದೆ.

ಗುಡ್ಡೇತೋಟ
58 ವರ್ಷದವರು ಇದ್ದಾರೆ ಅಂತ ಬರೆದಿದ್ದಾರಲ್ಲ, ಓದಿದ್ರಾ? ಬರ್ಕಣ ನೋಡಬೇಕಿದ್ರೆ ಇನ್ನೊಂದು ದಿನ ಆಗುಂಬೆಯಲ್ಲಿ ಉಳಿದು ನೋಡಲಿ.

ಲೆಕ್ಕದಮೇಷ್ಟ್ರು
ಸಮಯದ ಲೆಕ್ಕ ಹೇಳ್ತೀನಿ. ಶಿಖರ 1152 ಮೀಟರ್. ಶೃಂಗೇರಿ ಕಣಿವೆ 650–700 ಮೀಟರ್ ಎತ್ತರದಲ್ಲಿದೆ. ಅಂದರೆ ಏರು 450ರಿಂದ 500 ಮೀಟರ್. ಸಾಮಾನ್ಯ ಸೂತ್ರ ಗಂಟೆಗೆ 5 ಕಿ.ಮೀ., ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಈ ಸೂತ್ರ ಒಣ ದಾರಿಗೆ, ಚಳಿ ದೇಶಕ್ಕೆ ಮಾಡಿದ್ದು. ಮಲೆನಾಡಿನ ಒದ್ದೆ ದಾರಿ, ಸೆಕೆ, ಹೊಸಬರು ಎಲ್ಲ ಸೇರಿಸಿ ಒಂದೂವರೆ ಪಟ್ಟು ಇಟ್ಟುಕೊಳ್ಳಿ. ಹತ್ತೋಕೆ ಮೂರರಿಂದ ಮೂರೂವರೆ ಗಂಟೆ. ಇಳಿಯೋಕೆ ಎರಡೂವರೆ ಗಂಟೆ, ಅರ್ಧ ಸಮಯದಲ್ಲೇ ಇಳಿದುಬಿಡ್ತೀವಿ ಅಂತ ಎಣಿಸಬೇಡಿ. ಮಂಡಿ ನೋವು ಶುರುವಾಗೋದೇ ಇಳಿಯುವಾಗ.

ಡಿಸೆಂಬರ್ ಮಧ್ಯದಲ್ಲಿ ಆ ಭಾಗದಲ್ಲಿ ಸೂರ್ಯ ಮುಳುಗೋದು ಸಂಜೆ 6 ದಾಟಿದ ಮೇಲೆ, ಆದರೆ ಮರದ ಕೆಳಗೆ 5 ಗಂಟೆಗೇ ಕಲ್ಲು ಯಾವುದು ಬೇರು ಯಾವುದು ಕಾಣಲ್ಲ. ಹಾಗಾಗಿ ತುದಿ ಸಿಗಲಿ ಬಿಡಲಿ, ಮಧ್ಯಾಹ್ನ 1 ಗಂಟೆಗೆ ತಿರುಗಿಬಿಡಿ. ಹೊರಡೋ ಮೊದಲೇ ಎಲ್ಲರೂ ಒಪ್ಪಿಕೊಳ್ಳಬೇಕು, ಮೇಲೆ ಹೋಗಿ ಚರ್ಚೆಗೆ ಕೂತರೆ "ಇನ್ನು ಹದಿನೈದು ನಿಮಿಷ" ಅನ್ನೋರೇ ಗೆಲ್ಲೋದು.

ಹೆದ್ದಾರಿ_ಹರೀಶ
1 ಗಂಟೆ ಅತಿಯಾಯ್ತು. 2 ಮಾಡಿ.

ಲೆಕ್ಕದಮೇಷ್ಟ್ರು
2 ಗಂಟೆಗೆ ಹೊರಟರೆ ನಾಲ್ಕೂವರೆ. ಯಾರದಾದರೂ ಕಾಲು ಉಳುಕಿದರೆ ಇಳಿಯೋ ಸಮಯ ಎರಡರಷ್ಟಾಗುತ್ತೆ, ಆಗ 7. ಆ ಎರಡೂವರೆ ಗಂಟೆ ಕೈಲಿರಲಿ ಅಂತಲೇ ಮೇಷ್ಟ್ರು ಇಷ್ಟು ಹೇಳ್ತಿರೋದು.

ಹುಲ್ಲುಗಾವಲು
ಯಾರೂ ಮುಖ್ಯ ವಿಷಯ ಹೇಳಲಿಲ್ಲ. ಇಂಥ ಬೆಟ್ಟಗಳಲ್ಲಿ ಹತ್ತುವಾಗ ಯಾರೂ ದಾರಿ ತಪ್ಪಲ್ಲ. ಕಾಡು ಮುಗಿದು ಹುಲ್ಲು ಶುರುವಾದ ಮೇಲೆ ಮೇಲೆ ಹೋಗೋ ದಾರಿಗಳೆಲ್ಲ ತುದೀಲಿ ಸೇರುತ್ತವೆ. ತಪ್ಪೋದು ಇಳಿಯುವಾಗ. ಹುಲ್ಲಿನಿಂದ ಕಾಡಿನೊಳಗೆ ಹೋಗೋ ಬಾಯಿ ಇದೆಯಲ್ಲ, ಅದು ಮೇಲಿಂದ ನೋಡಿದರೆ ಕಾಣೋದೇ ಇಲ್ಲ. ಹಸಿರು ಗೋಡೆ ಒಂದೇ ಸಮ ಇರುತ್ತೆ. ಇಪ್ಪತ್ತು ಹೆಜ್ಜೆ ಪಕ್ಕಕ್ಕೆ ಹೋದರೆ ಇನ್ನೊಂದು ಬಾಯಿ ಸಿಗುತ್ತೆ, ಅದು ಕಾಟಿ (ಕಾಡುಕೋಣ) ಹೋಗಿ ಬಂದು ಮಾಡಿದ್ದು.

ಹತ್ತುವಾಗ ಕಾಡು ಬಿಟ್ಟು ಹೊರಗೆ ಬಂದ ತಕ್ಷಣ ನಿಂತು ಹಿಂದೆ ತಿರುಗಿ ನೋಡಿ. ಒಂದು ಫೋಟೋ ಅಲ್ಲೇ ತೆಗೀರಿ, ಆಮೇಲೆ 50 ಹೆಜ್ಜೆ ಮೇಲೆ ಹೋಗಿ ಇನ್ನೊಂದು. ಪಕ್ಕದಲ್ಲಿ ಒಣಗಿದ ಮರ, ಬಿಳಿ ಬಂಡೆ ಏನಿದೆ ಗುರುತು ಮಾಡಿಕೊಳ್ಳಿ. ಮ್ಯಾಪಿನಲ್ಲಿ ಆ ಜಾಗಕ್ಕೆ ಗುರುತು ಹಾಕಿ. ಇಡೀ ಚಾರಣದಲ್ಲಿ ಒಂದೇ ಒಂದು ಗುರುತು ಹಾಕೋದಾದರೆ ಅಲ್ಲೇ ಹಾಕಬೇಕು, ಶಿಖರದಲ್ಲಲ್ಲ.

ಅಡಕೆಚಪ್ಪರ
ಇದು ನೂರಕ್ಕೆ ನೂರು ಸರಿ.

ತುಂಗಾತೀರ
ಕಾಟಿ ದಾರಿ, ಮನುಷ್ಯರ ದಾರಿ ಹೇಗೆ ಗುರುತಿಸೋದು?

ಹುಲ್ಲುಗಾವಲು
ಮನುಷ್ಯರ ದಾರಿ ಗಮ್ಯದ ಕಡೆ ಹೋಗುತ್ತೆ, ಹೆಚ್ಚಾಗಿ ಏಣು ಬಿಡಲ್ಲ. ಕಾಟಿ ದಾರಿ ಗುಡ್ಡಕ್ಕೆ ಅಡ್ಡಡ್ಡ, ಒಂದೇ ಮಟ್ಟದಲ್ಲಿ ಸುತ್ತಿಕೊಂಡು ನೀರಿಗೋ ಶೋಲಾ ಕಾಡಿಗೋ (ಹುಲ್ಲಿನ ನಡುವೆ ಕಣಿವೆಯಲ್ಲಿರೋ ಕಾಡು) ಹೋಗಿ ಮುಗಿಯುತ್ತೆ. ಕಾಟಿ ದಾರೀಲಿ ಸೀಳುಗೊರಸಿನ ಗುರುತು, ಸೆಗಣಿ ಇರುತ್ತೆ. ಇನ್ನೊಂದು ಗುರುತು ತಲೆ ಮಟ್ಟದಲ್ಲಿ. ಮನುಷ್ಯರ ದಾರೀಲಿ ಮುಖಕ್ಕೆ ಬರೋ ಕೊಂಬೆಗಳಿಗೆ ಹಳೇ ಕತ್ತಿ ಏಟು ಕಾಣುತ್ತೆ, ಓರೆಯಾಗಿ, ನುಣುಪಾಗಿ. ಪ್ರಾಣಿ ಮುರಿದದ್ದು ನಾರು ನಾರಾಗಿರುತ್ತೆ. ಹತ್ತು ನಿಮಿಷ ನಡೆದರೂ ಒಂದು ಕತ್ತಿ ಗುರುತು ಸಿಗದಿದ್ದರೆ ನಿಂತು ಯೋಚಿಸಿ.

ಸಿಲಿಕಾನ್_ಸಂಕ
ಮ್ಯಾಪ್ ಬಗ್ಗೆ: ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತೆ. ಆದರೆ ಮ್ಯಾಪ್ ಫೋನಲ್ಲಿ ಮೊದಲೇ ಇಳಿಸಿಕೊಂಡಿರಬೇಕು. ಓಸ್ಮ್‌ಆಂಡ್ ಅಥವಾ ಆರ್ಗಾನಿಕ್ ಮ್ಯಾಪ್ಸ್ ಹಾಕಿಕೊಳ್ಳಿ, ಕರ್ನಾಟಕದ ಮ್ಯಾಪ್ ಮನೆಯಲ್ಲೇ ಡೌನ್‌ಲೋಡ್ ಮಾಡಿ. ಗೂಗಲ್ ಮ್ಯಾಪ್ ಕಿಗ್ಗದವರೆಗೆ ಸಾಕು, ಕಾಲುದಾರಿಗೆ ಪ್ರಯೋಜನ ಇಲ್ಲ. ಕಾಡೊಳಗೆ ಹೋಗೋ ಮೊದಲು ಬಯಲಲ್ಲಿ ನಿಂತು ಜಿಪಿಎಸ್ ಹಿಡಿಯೋಕೆ ಎರಡು ನಿಮಿಷ ಬಿಡಿ. ನೆಟ್ ಇಲ್ಲದಾಗ ಮೊದಲ ಸಲ ಉಪಗ್ರಹ ಹುಡುಕೋಕೆ ಫೋನ್ ಒದ್ದಾಡುತ್ತೆ, ದಟ್ಟ ಮರದ ಕೆಳಗೆ ಇನ್ನೂ ಕಷ್ಟ.

ಏರೋಪ್ಲೇನ್ ಮೋಡ್‌ನಲ್ಲಿಡಿ. ಬ್ಯಾಟರಿ ಹೆಚ್ಚು ತಿನ್ನೋದು ಜಿಪಿಎಸ್ ಅಲ್ಲ, ಸಿಗ್ನಲ್ ಇಲ್ಲದ ಕಡೆ ಟವರ್ ಹುಡುಕೋ ಕೆಲಸ. ಹೋಗೋ ದಾರಿಯನ್ನ ರೆಕಾರ್ಡ್ ಮಾಡಿಕೊಳ್ಳುತ್ತಾ ಹೋಗಿ, ಬರುವಾಗ ಅದೇ ಗೆರೆ ಹಿಡಿದು ಬರಬಹುದು. ಫೋನಿನ ದಿಕ್ಸೂಚಿ ನೋಡುವಾಗ ಆಯಸ್ಕಾಂತ ಇರೋ ಕವರ್ ತೆಗೆದಿಡಿ, ಇಲ್ಲದಿದ್ದರೆ ಉತ್ತರ ಎಲ್ಲೋ ತೋರಿಸುತ್ತೆ.

ಕಾನುದಾರಿ
ಮರದ ಕೆಳಗೆ ಜಿಪಿಎಸ್ ಚುಕ್ಕಿ 20–30 ಮೀಟರ್ ಆಚೀಚೆ ಹಾರುತ್ತೆ, ಇದನ್ನೂ ಹೇಳಿ. ಚುಕ್ಕಿ ದಾರಿಯಿಂದ ಹೊರಗಿದೆ ಅಂತ ಪೊದೆ ನುಗ್ಗಿ ಹೋಗೋರು ಇದ್ದಾರೆ. ಕಾಲ ಕೆಳಗೆ ತುಳಿದ ದಾರಿ ಇದ್ದರೆ ಕಾಲನ್ನೇ ನಂಬಬೇಕು.

ಹೆದ್ದಾರಿ_ಹರೀಶ
ಯಾರ ಹತ್ರನಾದ್ರೂ ಜಿಪಿಎಕ್ಸ್ ಫೈಲ್ (ದಾರಿಯ ರೆಕಾರ್ಡ್) ಇದ್ರೆ ಇಲ್ಲೇ ಹಾಕಿ ಗುರು.

ಹುಲ್ಲುಗಾವಲು
ದಯವಿಟ್ಟು ಬೇಡ. ಫೈಲ್ ಸಿಕ್ಕರೆ ಅನುಮತಿ ಇಲ್ಲದೆ, ಗೈಡ್ ಇಲ್ಲದೆ ನುಗ್ಗೋರು ಹೆಚ್ಚಾಗ್ತಾರೆ. ಗೈಡ್ ಕರ್ಕೊಂಡು ಹೋದರೆ ಫೈಲೇ ಬೇಕಾಗಲ್ಲ, ಆ ದುಡ್ಡು ಊರಿನ ಹುಡುಗನಿಗೆ ಸೇರುತ್ತೆ.

ಸಿಲಿಕಾನ್_ಸಂಕ
ನಾನು ಒಪ್ಪಲ್ಲ. ಗೈಡ್ ಜೊತೆ ಹೋದವರೂ ಗುಂಪಿಂದ ಹಿಂದೆ ಬಿದ್ದು ತಪ್ಪಿಸಿಕೊಳ್ಳಬಹುದು, ಆಗ ಫೋನಲ್ಲಿ ಗೆರೆ ಇದ್ದರೆ ಜೀವ ಉಳಿಯುತ್ತೆ. ಮಾಹಿತಿ ಮುಚ್ಚಿಟ್ಟರೆ ಕಾಡು ಉಳಿಯುತ್ತೆ ಅನ್ನೋಕೆ ಆಗಲ್ಲ, ಚೆಕ್‌ಪೋಸ್ಟ್ ಸರಿಯಾಗಿದ್ದರೆ ಉಳಿಯುತ್ತೆ.

ಹುಲ್ಲುಗಾವಲು
ಸ್ವಂತ ರೆಕಾರ್ಡಿಂಗ್ ಮಾಡಿಕೊಳ್ಳಲಿ ಅಂತ ನೀವೇ ಹೇಳಿದ್ರಲ್ಲ, ಹಿಂದೆ ಬಿದ್ದವರಿಗೆ ಅದೇ ಸಾಕು. ಎಲ್ಲರ ಕೈಗೂ ಹಂಚೋದು ಬೇರೆ ಮಾತು.

ಉಂಬಳಕಾಟ
ಉಂಬಳದ ಬಗ್ಗೆ. ಡಿಸೆಂಬರ್ ಎರಡನೇ ವಾರ ಅಂದರೆ ಕೊನೇ ಮಳೆ ಯಾವಾಗ ಬಿತ್ತು ಅನ್ನೋದರ ಮೇಲೆ ಹೋಗುತ್ತೆ. ಎರಡು ವಾರ ಒಣಗಿದ್ದರೆ ಹಳ್ಳದ ಪಕ್ಕ, ನೆರಳಿನ ತರಗೆಲೆಯಲ್ಲಿ ಮಾತ್ರ. ಹಿಂದಿನ ದಿನ ಮಳೆ ಬಿದ್ದಿದ್ದರೆ ದಾರಿ ಪೂರ್ತಿ.

ತಯಾರಿ: ಉದ್ದ ಪ್ಯಾಂಟು, ಅದರ ಮೇಲೆ ಮಂಡಿವರೆಗಿನ ಉಂಬಳ ಸಾಕ್ಸ್ (ಬಿಗಿ ನೇಯ್ಗೆಯ ಬಟ್ಟೆಯದು, ಮಾಮೂಲಿ ಸಾಕ್ಸ್ ಕಣ್ಣಲ್ಲಿ ಅದು ತೂರುತ್ತೆ). ಹೊಗೆಸೊಪ್ಪಿನ ಪುಡಿಯನ್ನ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಶೂ ಬಾಯಿಗೆ, ಸಾಕ್ಸ್ ಮೇಲಂಚಿಗೆ ಹಚ್ಚಿ. ಚರ್ಮಕ್ಕೆ ಹಚ್ಚಬೇಡಿ, ಕೆಲವರಿಗೆ ತಲೆ ಸುತ್ತುತ್ತೆ. ಹಳ್ಳ ದಾಟಿದ ಮೇಲೆ ತೊಳೆದು ಹೋಗುತ್ತೆ, ಮತ್ತೆ ಹಚ್ಚಬೇಕು. ನಿಲ್ಲೋದಾದರೆ ಬಿಸಿಲು ಬಿದ್ದ ಬಂಡೆ ಮೇಲೆ ನಿಲ್ಲಿ.

ತುಂಗಾತೀರ
ಉಪ್ಪು ಒಂದು ಪೊಟ್ಟಣ ಇಟ್ಕೊಂಡ್ರೆ ಸಾಕು, ಕಚ್ಚಿದ ಕಡೆ ಹಾಕಿದ್ರೆ ಉದುರತ್ತೆ.

ನರ್ಸಕ್ಕ
ಉಪ್ಪು, ಬೆಂಕಿಕಡ್ಡಿ ಎರಡೂ ಬೇಡ. ಕಚ್ಚಿಕೊಂಡಿರುವಾಗ ಉಪ್ಪು ಬಿದ್ದರೆ ಅದು ಹೊಟ್ಟೇಲಿರೋದನ್ನ ಗಾಯದೊಳಕ್ಕೇ ಕಕ್ಕುತ್ತೆ, ಸೋಂಕು ಆಗೋದು ಹಾಗೆ. ಸಣ್ಣ ತುದಿ ಇರೋದು ಬಾಯಿ. ಅದರ ಪಕ್ಕ ಚರ್ಮ ಬಿಗಿ ಹಿಡಿದು ಉಗುರು ಅಡ್ಡ ತೂರಿಸಿ ಜಾರಿಸಿ, ಬಿಡುತ್ತೆ. ಆಮೇಲೆ ದಪ್ಪ ತುದಿ. ಅದರ ಜೊಲ್ಲಲ್ಲಿ ಹಿರುಡಿನ್ ಇರೋದರಿಂದ ರಕ್ತ ಬೇಗ ಹೆಪ್ಪುಗಟ್ಟಲ್ಲ, ಒಂದೆರಡು ಗಂಟೆ ಸೋರಬಹುದು. ಹೆದರಬೇಡಿ, ಹತ್ತಿ ಇಟ್ಟು ಒತ್ತಿ ಕಟ್ಟಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿದ್ದರೆ (58 ವರ್ಷದವರನ್ನ ಕೇಳಿ) ಹೆಚ್ಚು ಹೊತ್ತು ಸೋರುತ್ತೆ, ಬ್ಯಾಂಡೇಜ್ ಜಾಸ್ತಿ ಇಟ್ಟುಕೊಳ್ಳಿ.

ಉಂಬಳದಿಂದ ಸಾಮಾನ್ಯವಾಗಿ ಕಾಯಿಲೆ ಹರಡಲ್ಲ. ಆ ಕಾಡಲ್ಲಿ ನಿಜವಾಗಿ ಗಮನ ಕೊಡಬೇಕಾದ್ದು ಉಣುಗಿಗೆ (ಉಣ್ಣೆ ಹುಳ), ಮಂಗನ ಕಾಯಿಲೆ ಹರಡೋದು ಅದೇ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾಗಿದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲೇ. ಉಂಬಳ ಕಮ್ಮಿ ಆಗೋ ಹೊತ್ತಿಗೆ, ನೆಲ ಒಣಗೋ ಹೊತ್ತಿಗೆ, ಮರಿ ಉಣುಗು ಶುರು. ಡಿಸೆಂಬರ್‌ನಿಂದ ಮೇವರೆಗೆ. ಅದು ಸಾಸಿವೆಗಿಂತ ಚಿಕ್ಕದು, ಕಚ್ಚಿದ್ದು ಗೊತ್ತಾಗಲ್ಲ. ಉಣುಗು ಹತ್ತಿರ ಬರದ ಹಾಗೆ ಹಚ್ಚೋ ಡೇಪಾ ಎಣ್ಣೆ ಆ ಊರುಗಳ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡ್ತಾರೆ, ಕೈಕಾಲಿಗೆ ಹಚ್ಚಿ, ಕಣ್ಣು ಬಾಯಿ ಹತ್ತಿರ ಬೇಡ. ತರಗೆಲೆ ಮೇಲೆ ಕೂರಬೇಡಿ, ಮಲಗಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಯವರಿಗೆ ತಿಳಿಸಿ. ಇಳಿದ ತಕ್ಷಣ ಬಟ್ಟೆ ಬದಲಿಸಿ, ಬಿಸಿನೀರು ಸೋಪು ಹಾಕಿ ಸ್ನಾನ ಮಾಡಿ, ಕಂಕುಳು, ಸೊಂಟದ ಪಟ್ಟಿ, ಮಂಡಿ ಹಿಂಭಾಗ ನೋಡಿ.

ಮೂರರಿಂದ ಎಂಟು ದಿನದಲ್ಲಿ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರ ಹತ್ತಿರ "ಮಲೆನಾಡಿನ ಕಾಡಿಗೆ ಹೋಗಿದ್ದೆ" ಅಂತ ಮೊದಲ ವಾಕ್ಯದಲ್ಲೇ ಹೇಳಿ. ಬೆಂಗಳೂರಲ್ಲಿ ಡೆಂಗಿ ಅಂದುಕೊಂಡು ಅದೇ ಪರೀಕ್ಷೆ ಮಾಡ್ತಾ ಕೂರಬಹುದು.

ಶಾಲ್ಮಲಾ_ಬೆಂಗಳೂರು
ನರ್ಸಕ್ಕ, ಉಣುಗಿನ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಲಸಿಕೆ ಇದೆಯಾ?

ನರ್ಸಕ್ಕ
ಹಳೇ ಲಸಿಕೆ ಪರಿಣಾಮ ಸಾಲದು ಅಂತ ನಿಲ್ಲಿಸಿದ್ದಾರಮ್ಮ. ಡೇಪಾ, ಉದ್ದ ಬಟ್ಟೆ, ಸ್ನಾನ, ಇಷ್ಟೇ.

ಹೆದ್ದಾರಿ_ಹರೀಶ
ಆಗುಂಬೆ ಅಂದ್ಮೇಲೆ ಕಾಳಿಂಗ ಸರ್ಪ?

ಅಡಕೆಚಪ್ಪರ
ಅದು ನಮಗಿಂತ ಮೊದಲೇ ಸರಿದು ಹೋಗುತ್ತೆ. ಮಾರ್ಚ್‌ನಿಂದ ಮಳೆಗಾಲದ ಮಧ್ಯದವರೆಗೆ ಮಾತ್ರ ಎಲೆ ಗುಡ್ಡೆ ಹಾಕಿ ಮೊಟ್ಟೆ ಇಟ್ಟು ಹೆಣ್ಣು ಹಾವು ಕಾಯುತ್ತೆ, ಆಗ ತರಗೆಲೆ ದಿಬ್ಬದ ಹತ್ತಿರ ಹೋಗಬಾರದು. ಡಿಸೆಂಬರ್‌ನಲ್ಲಿ ಹೆಚ್ಚು ನೋಡಿಕೊಳ್ಳಬೇಕಾದ್ದು ಮಲಬಾರ್ ಪಿಟ್ ವೈಪರ್. ಪಾಚಿ ಬಣ್ಣ, ಕಂದು, ಹಳದಿ ಹೀಗೆ ನಾನಾ ಬಣ್ಣದಲ್ಲಿ ಹಳ್ಳದ ಪಕ್ಕದ ಸಣ್ಣ ಗಿಡದ ಮೇಲೆ ಅಲ್ಲಾಡದೆ ಕೂತಿರುತ್ತೆ. ಅದು ಓಡಲ್ಲ. ಹಾಗಾಗಿ ಬಂಡೆ ಹತ್ತುವಾಗ ನೋಡದೆ ಕೈ ಇಡಬೇಡಿ, ಜಾರಿದಾಗ ಪಕ್ಕದ ಕೊಂಬೆ ಹಿಡಿಯೋ ಅಭ್ಯಾಸ ಬಿಡಿ.

ನರ್ಸಕ್ಕ
ನಮ್ಮಲ್ಲಿ ಸಿಗೋ ಹಾವಿನ ವಿಷದ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಕಾಳಿಂಗಕ್ಕೂ ಪಿಟ್ ವೈಪರ್‌ಗೂ ಅಲ್ಲ. ಆದರೂ ಕಚ್ಚಿದ್ದು ಯಾವುದು ಅಂತ ನೀವೇ ತೀರ್ಮಾನಿಸಬೇಡಿ, ಯಾವ ಹಾವಾದರೂ ಆಸ್ಪತ್ರೆಗೆ. ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ. ಕಾಲಿಗೆ ಕೋಲು ಕಟ್ಟಿ ಅಲ್ಲಾಡದ ಹಾಗೆ ಮಾಡಿ ಹೊತ್ತುಕೊಂಡು ಇಳಿಸಿ, 112ಕ್ಕೆ ಕರೆ ಮಾಡಿ.

ಬೆತ್ತದಪೊದೆ
ಗಿಡಗಳ ಬಗ್ಗೆ ಯಾರೂ ಬರೀಲಿಲ್ಲ. ಬೆತ್ತದ ಬಳ್ಳಿ ಬಟ್ಟೆಗೋ ಕಿವಿಗೋ ಸಿಕ್ಕಿದರೆ ಮುಂದಕ್ಕೆ ಎಳೀಬೇಡಿ. ಅದರ ಮುಳ್ಳೆಲ್ಲ ಹಿಂದಕ್ಕೆ ಬಾಗಿರ್ತವೆ, ಎಳೆದಷ್ಟೂ ಒಳಗೆ ಹೋಗ್ತವೆ. ಒಂದು ಹೆಜ್ಜೆ ಹಿಂದೆ ಬಂದರೆ ತಾನೇ ಬಿಡ್ತದೆ. ಕಾಂಡದ ಮೇಲೆ ಟಾರು ಸುರಿದ ಹಾಗೆ ಕಪ್ಪು ಕಲೆ ಇರೋ ಮರ ಕಂಡರೆ ಒರಗಬೇಡಿ, ಅದು ಚೇರು, ಸೊನೆ ತಾಗಿದರೆ ಚರ್ಮ ಬೊಬ್ಬೆ ಬರ್ತದೆ. ತುರಚೆ (ಮುಟ್ಟಿದರೆ ತುರಿಸೋ ಗಿಡ) ತಾಗಿದರೆ ಉಜ್ಜಬೇಡಿ.

ಗುಡ್ಡೇತೋಟ
ನೀರು: ಕೆಳಗಿನ ಕಾಡಲ್ಲಿ ಡಿಸೆಂಬರ್‌ನಲ್ಲಿ ಹರಿಯೋ ನೀರು ಇರ್ತದೆ, ಹುಲ್ಲು ಶುರುವಾದ ಮೇಲೆ ನಂಬೋ ಹಾಗಿಲ್ಲ. ತಲೆಗೆ 3 ಲೀಟರ್ ಹೊತ್ಕೊಳ್ಳಿ. ಮೇಲೆ ಕೆರೆ ಇದೆ, ನಿಂತ ನೀರು, ಕುಡಿಯೋಕೆ ಬೇಡ. ಓಆರ್‌ಎಸ್ ಪ್ಯಾಕೆಟ್ ಎರಡು ಇರಲಿ.

ಬುತ್ತಿಗಂಟು
ಊಟಕ್ಕೆ ಮೊಸರನ್ನ ಬೇಡ, ಚೀಲದ ಬಿಸಿಗೆ ಹತ್ತೂವರೆಗೇ ಹುಳಿ ಬರುತ್ತೆ. ಕೊಟ್ಟೆ ಕಡುಬು ಹಲಸಿನೆಲೆ ಸಮೇತ ಒಯ್ಯಿರಿ, ಸಂಜೆವರೆಗೂ ಕೆಡಲ್ಲ. ಜೊತೆಗೆ ಗಟ್ಟಿ ಶುಂಠಿ ಚಟ್ನಿ, ತೆಂಗಿನಕಾಯಿ ಹಾಕದೆ. ಕಾಯಿ ಹಾಕಿದರೆ ಅದೂ ಹಳಸುತ್ತೆ.

ತುಂಗಾತೀರ
ಅವಲಕ್ಕಿ ಬೆಲ್ಲ ಸಾಕಲ್ವಾ? ಹಗುರ.

ಬುತ್ತಿಗಂಟು
ಒಣ ಅವಲಕ್ಕಿ ತಿಂದರೆ ಬಾಯಾರಿ 3 ಲೀಟರ್ ಸಾಕಾಗಲ್ಲ.

ಕಾನುದಾರಿ
ಶೂ: ಹೊಸದು ಬೇಡ. ದಪ್ಪ ಗಟ್ಟಿ ಅಟ್ಟೆಯ ದುಬಾರಿ ಬೂಟಿಗಿಂತ ಮೆದು ರಬ್ಬರ್ ಅಟ್ಟೆ, ಆಳ ಹಲ್ಲಿರೋದು ಒದ್ದೆ ಕಲ್ಲಿಗೆ ಒಳ್ಳೇದು. ಬೇರಿನ ಮೇಲೆ ಕಾಲಿಡಬೇಡಿ, ದಾಟಿ ಇಡಿ. ಸಿಪ್ಪೆ ಸುಲಿದ ಒದ್ದೆ ಬೇರಿಗೆ ಯಾವ ಅಟ್ಟೆಯೂ ಹಿಡಿಯಲ್ಲ. 58 ವರ್ಷದವರಿಗೆ ಒಂದು ಕೋಲು ಕೊಡಿ, ಇಳಿಯುವಾಗ ಕೋಲು ಮೊದಲು, ಕಾಲು ಆಮೇಲೆ. ಅವರನ್ನ ಮುಂದಿನಿಂದ ಎರಡನೆಯವರಾಗಿ ನಡೆಸಿ. ಕೊನೆಗೆ ಬಿಟ್ಟರೆ ಉಳಿದವರು ನಿಂತು ದಣಿವಾರಿಸಿಕೊಂಡು, ಅವರು ಬಂದು ಸೇರಿದ ಕೂಡಲೇ ಹೊರಟುಬಿಡ್ತಾರೆ, ಅವರಿಗೆ ಬಿಡುವೇ ಸಿಗಲ್ಲ.

ಶಾಲ್ಮಲಾ_ಬೆಂಗಳೂರು
ಎಲ್ಲರಿಗೂ ಧನ್ಯವಾದ. ಕಿಗ್ಗದಿಂದ ಹತ್ತಿ ಕಿಗ್ಗಕ್ಕೇ, ತಿರುಗೋದು 1 ಗಂಟೆಗೆ, ಡೇಪಾ ಎಣ್ಣೆ, ಕಾಡಿನ ಬಾಯಿಗೆ ಗುರುತು. ಬರ್ಕಣ ಮರುದಿನ ಆಗುಂಬೆಯಿಂದ. ಹಿಂದಿನ ರಾತ್ರಿ ಶೃಂಗೇರೀಲಿ ಉಳಿದು ಬೆಳಿಗ್ಗೆ ಎಷ್ಟಕ್ಕೆ ಹೊರಡಬೇಕು?

ಅಡಕೆಚಪ್ಪರ
ಶೃಂಗೇರಿಯಿಂದ ಕಿಗ್ಗಕ್ಕೆ ಸುಮಾರು 10 ಕಿ.ಮೀ. ಆರೂವರೆಗೆ ಹೊರಟರೆ ಋಷ್ಯಶೃಂಗೇಶ್ವರ ದೇವಸ್ಥಾನದಲ್ಲಿ ಕೈಮುಗಿದು, ಗೈಡ್ ಜೊತೆ ಸೇರಿ ಎಂಟರೊಳಗೆ ನಡೆಯೋಕೆ ಶುರು ಮಾಡಬಹುದು. ಮಳೆ ಬೇಕಾದವರೂ ನಿಲ್ಲಬೇಕಾದವರೂ ಅಲ್ಲೇ ಹರಕೆ ಹೊರೋದು.

ಸಿಲಿಕಾನ್_ಸಂಕ
ತಲೆಗೆ ಕಟ್ಟೋ ಟಾರ್ಚ್ ಒಬ್ಬೊಬ್ಬರಿಗೂ ಒಂದು ಇರಲಿ, ಐದು ಜನಕ್ಕೆ ಎರಡು ಅಂತ ಉಳಿತಾಯ ಬೇಡ. ಒಂದು ಸೀಟಿ ಕೂಡ. ಸಹಾಯ ಬೇಕಾದರೆ ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ಬಿಡಿ, ಮತ್ತೆ ಆರು. ಮೂರು ಸಲ ಊದಿದ್ದು ಕೇಳಿಸಿದರೆ ಅದು ಉತ್ತರ, ಇದ್ದಲ್ಲೇ ಇರಿ.

ಹೆದ್ದಾರಿ_ಹರೀಶ
ಸಿರಿಮನೆ ಅಬ್ಬಿ ಕಿಗ್ಗದಿಂದ 5 ಕಿ.ಮೀ. ಅಷ್ಟೆ, ಇಳಿದ ಮೇಲೆ ಮೈತೊಳೆಯೋಕೆ ಹೋಗಬಹುದಲ್ವಾ?

ನರ್ಸಕ್ಕ
ಹೋಗಲಿ, ಆದರೆ ಅದನ್ನೇ ಸ್ನಾನ ಅಂತ ಲೆಕ್ಕ ಹಾಕೋದು ಬೇಡ. ತಣ್ಣೀರಿಗೆ ಉಣುಗು ಬಿಡಲ್ಲ, ರೂಮಿಗೆ ಬಂದು ಸೋಪು ಹಾಕಿ ಉಜ್ಜಲೇಬೇಕು. ಹಾಕಿದ್ದ ಬಟ್ಟೆನ ಬೇರೆ ಕವರಲ್ಲಿ ಕಟ್ಟಿ, ಕುದಿಯೋ ನೀರಲ್ಲಿ ನೆನೆಸಿ ಒಗೀರಿ.